ಒಂದು ಹನಿ ಹಳದಿ

ಪೇಂಟರ್ ಮೂರನೇ ದಿನವೂ ಬಂದ. ಒಂದೇ ಒಂದು ಕೋಣೆಯ ಗೋಡೆಗೆ ಮೂರು ದಿನವಾ? ಬಾಗಿಲು ತೆಗೆಯುವಾಗಲೇ ಅವಳ ತಲೆಯಲ್ಲಿ ಅನುಮಾನದ ಹುಳ ಕೊರೆಯುತ್ತಿತ್ತು.

ಅನುಮಾನಕ್ಕೆ ಕಾರಣವೂ ಇತ್ತು ಅನ್ನಿ. ಅವಳು ಬಟ್ಟೆ ಹೊಲಿದು ಬದುಕುವವಳು. ಈ ಬಾಡಿಗೆ ಮನೆಯಲ್ಲೋ, ಯಾವ ಕಸುಬೂ ಮಾಡಕೂಡದು ಅಂತ ಮಾಲೀಕರ ಕಟ್ಟಪ್ಪಣೆ. ಹೊಲಿಗೆ ಮೆಷಿನ್ ಇರೋದು ಗೊತ್ತಾದರೆ ಅವಳೂ ಅಮ್ಮನೂ ಗಂಟುಮೂಟೆ ಕಟ್ಟಬೇಕಷ್ಟೇ. ಅಂಥಾದ್ದರಲ್ಲಿ ಗೋಡೆಯ ಕಲೆ ಮುಚ್ಚಿ, ನೆಲ ಪಾಲಿಷ್ ಮಾಡು ಅಂತ ಮಾಲೀಕರೇ ಇವನನ್ನು ಕಳಿಸಿದ್ದರು. ಮೆಷಿನ್ ಮಂಚದಾಚೆಗೆ ಸರಿದು, ಬೆಡ್‌ಶೀಟ್ ಹೊದ್ದು, ತಲೆ ಮೇಲೊಂದು ಹೂದಾನಿ ಹೊತ್ತು ನಿಂತಿತ್ತು.

“ಇವತ್ತಾದ್ರೂ ಮುಗಿಯುತ್ತಾ?”

“ಒಣಗಿದ ಮೇಲೇ ಗೊತ್ತಾಗೋದು ಮೇಡಂ. ಹಸಿ ಇದ್ದಾಗ ಒಂಥರಾ, ಒಣಗಿದ್ರೆ ಇನ್ನೊಂಥರಾ.”

ಹೇಳುತ್ತಾ ನಕ್ಕ. ಆ ನಗು ಚೆನ್ನಾಗೇ ಇತ್ತು. ಅವಳಿಗೆ ಸಿಟ್ಟು ಬಂದಿದ್ದೇ ಅದಕ್ಕೆ.

ನಿನ್ನೆ ಹಚ್ಚಿದ ಬಣ್ಣ ಒಣಗಿತ್ತು. ಬಟ್ಟೆಗೆ ದಾರ ಹೊಂದಿಸಿ ಪಳಗಿದ ಅವಳ ಕಣ್ಣಿಗೆ ತಕ್ಷಣ ಗೊತ್ತಾಯಿತು, ಗೋಡೆಯ ಹಳೇ ಬಣ್ಣಕ್ಕಿಂತ ಮತ್ತೆ ಹಳದಿ ಜಾಸ್ತಿ. ಅವನ ಕೈ ನೋಡಿದರೆ ಪಳಗಿದ ಕೈ. ಹಾಗಾದರೆ ಬೇಕಂತಲೇ ತಪ್ಪು ಮಾಡ್ತಿದ್ದಾನೆ. ಯಾಕೆ? ಮನೆಯೊಳಗೆ ಬರೋಕೆ!

ಅಷ್ಟರಲ್ಲಿ ಅವನು ನೆಲಕ್ಕೆ ಮಂಡಿಯೂರಿ ಕೂತ. ಮೆಷಿನ್ ಮೊದಲಿದ್ದ ಜಾಗದಲ್ಲಿ ಅದರ ಕಾಲು ಊರಿದ ನಾಲ್ಕು ಗುರುತು. ಒಂದೊಂದನ್ನೂ ಬೆರಳಿಂದ ಸವರಿ, ಬೆಡ್‌ಶೀಟ್ ಕಡೆ ನೋಡಿ, ಜೇಬಿನ ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಂಡ. ಮಾಲೀಕರ ಕಿವಿಗೆ ಹಾಕೋಕೇ ಇದು!

“ಅವರಿಗೆ ಟೀ ಕೊಡೇ,” ಅಡುಗೆಮನೆಯಿಂದ ಅಮ್ಮ.

“ಕೊಡ್ತೀನಿ, ಉಪ್ಪು ಹಾಕಿ!”

ಅವನು ಬ್ರಷ್ ತೊಳೆಯಲು ಹೋದ. ಪುಸ್ತಕ ಕಿಟಕಿ ಕಟ್ಟೆಯ ಮೇಲೇ ಉಳಿಯಿತು. ಕದ್ದು ಓದೋದು ತಪ್ಪು, ಸರಿ. ಆದರೆ ಸೂರು ಹೋಗೋ ಹೊತ್ತಲ್ಲಿ ತಪ್ಪು ಒಪ್ಪು ಯಾರಿಗೆ ಬೇಕು?

‘ಮೊದಲ ದಿನ: ಹಳದಿ ಒಂದು ಹನಿ ಜಾಸ್ತಿ ಹಾಕಿದೆ. ನಾಳೆ ಮತ್ತೆ ಬರಬಹುದು.’

‘ಎರಡನೇ ದಿನ: ಇನ್ನೊಂದು ಹನಿ. ಬೈದರು. ಬೈದರೂ ಚೆಂದ.’

‘ಮೂರನೇ ದಿನ: ಮೆಷಿನ್ ಗುರುತು ನಾಲ್ಕು. ಮಾಲೀಕರು ಬರುವ ಮುಂಚೆ ಪಾಲಿಷ್ ಮಾಡಿ ಅಳಿಸಬೇಕು. ಕಾಲಿಗೆ ರಬ್ಬರ್ ತುಂಡು ತರಬೇಕು, ಕೆಳಗಿನ ಮನೆಗೆ ಸದ್ದು ಹೋಗಲ್ಲ.’

ತಲೆಯೆತ್ತಿದರೆ ಅವನು ಬಾಗಿಲಲ್ಲಿ ನಿಂತಿದ್ದ, ಕಿವಿವರೆಗೂ ಕೆಂಪಾಗಿ.

“ಮಾಲೀಕರಿಗೆ ಹೇಳಲ್ವಾ?” ಅವಳು ಕೇಳಿದಳು.

“ಅವರು ಕೇಳಿದ್ದು ಗೋಡೆ, ನೆಲ. ಬೆಡ್‌ಶೀಟ್ ಕೆಳಗೇನಿದೆ ಅಂತ ಕೇಳಿಲ್ವಲ್ಲ.” ಆಮೇಲೆ ತಲೆ ತಗ್ಗಿಸಿದ. “ನೀವು ಇಷ್ಟ ಆದ್ರಿ. ಅದಕ್ಕೇ ಈ ಆಟ. ತಪ್ಪಾಯ್ತು. ಇವತ್ತೇ ಸರಿಯಾಗಿ ಕಲಸಿ ಮುಗಿಸ್ತೀನಿ, ಇನ್ನು ಬರಲ್ಲ.”

ಕಲಸಿದ. ಬಕೆಟ್ಟಿನಲ್ಲಿ ಈಗ ಹಳದಿ ಒಂದು ಚೂರೂ ಹೆಚ್ಚಿಲ್ಲ, ಅಚ್ಚುಕಟ್ಟು ಬಣ್ಣ. ಅಯ್ಯೋ, ಇದಕ್ಕೆ ತಾನು ಖುಷಿಪಡಬೇಕಲ್ವಾ? ಅವಳಿಗೆ ಮಾತ್ರ ಅಳು ಬರುವ ಹಾಗಾಯಿತು.

ಬಗ್ಗಿ, ಅವನ ಡಬ್ಬಿಯಿಂದ ಹಳದಿ ಟ್ಯೂಬ್ ತೆಗೆದು ಬಕೆಟ್ಟಿಗೆ ಒಂದು ಹನಿ ಹಿಂಡಿದಳು.

“ಒಣಗಿದ ಮೇಲೆ ನೋಡಬೇಕಲ್ವಾ,” ಅಂದಳು. “ನಾಳೆ ಬನ್ನಿ. ರಬ್ಬರ್ ಮರೀಬೇಡಿ.”