ಲಾಳಿಗೆ ಬಾಯಿ ಇಟ್ಟವಳು

ಬೈಕು ಪಲ್ಟಿ ಹೊಡೆದು ಹತ್ತಿ ಹೊಲಕ್ಕೆ ಬಿತ್ತು!

ಗುದ್ದಿದ್ದು ನನ್ನ ಜೀಪು. ಅಂತೂರ ಬೆಂತೂರ ಊರು ದಾಟಿದರೆ ರಸ್ತೆ ಖಾಲಿ... ನನ್ನ ಕಸುಬಿಗೆ ಹೇಳಿ ಮಾಡಿಸಿದ ಜಾಗ.

ಬೈಕಿನ ಮೇಲಿದ್ದ ಹುಡುಗ ಅಶ್ಫಾಕ ಎದ್ದ. ಮೊಣಕೈ ತುಂಬ ರಕ್ತ. ಎದೆಗೆ ಅವುಚಿಕೊಂಡಿದ್ದ ಸ್ಟೀಲ್ ಡಬ್ಬಿ ಮಾತ್ರ ಬಿಟ್ಟಿರಲಿಲ್ಲ.

“ಲೇ, ಡಬ್ಬಿ ಇತ್ತ ಕೊಡು,” ಅಂದೆ.

“ಕೊಡಂಗಿಲ್ಲ! ಹುಬ್ಬಳ್ಳಿ ಡಾಕ್ಟರ್ ತರಾಕ ಹೇಳ್ಯಾರ. ಇದನ್ನ ಟೆಸ್ಟ್ ಮಾಡಿದ್ರನ ಅಮ್ಮಿಗೆ ಏನಾಗೈತಿ ಗೊತ್ತಾಗ್ತದ.”

“ಏನೈತಿ ಅದರಾಗ?”

“ನಿಮ್ಮ ಸಾವಕಾರನ ನೂಲು. ನ್ಯಾನೋ ಪುಡಿ ಹಚ್ಚಿದ್ದು. ಸೀರಿಗೆ ಕಲೆ ಹತ್ತಂಗಿಲ್ಲಂತ!”

ನಿಮಗೆ ಗೊತ್ತಿರಲಿಕ್ಕಿಲ್ಲ, ಕೇಳಿ. ನಮ್ಮ ಬೆಟಗೇರಿಯ ನೇಕಾರರು ಮಗ್ಗದ ಲಾಳಿಗೆ ಹೊಸ ನೂಲು ಹಾಕಿದಾಗ ಅದರ ತೂತಿಗೆ ಬಾಯಿ ಇಟ್ಟು ಜೋರಾಗಿ ಸೇದುತ್ತಾರೆ. ಎಳೆ ಹೊರಗೆ ಬರುತ್ತದೆ. ಅವನ ತಾಯಿ ರೋಶನಬಿ ಹುಡುಗಿಯಾಗಿದ್ದಾಗಿನಿಂದ ಹಾಗೇ ಸೇದಿದವಳು. ಈಗ ಎಳೆಯ ಜೊತೆಗೆ ಪುಡಿ.

“ಕಣ್ಣಿಗೆ ಕಾಣದಷ್ಟು ಸಣ್ಣದು. ಬಾಯಿ ಮೂಗಿನ್ಯಾಗಿಂದ ಸೀದಾ ಮಿದುಳಿಗೆ ಹೋಗಿ ಅಲ್ಲಿ ಜೀವಕೋಶ ಸಾಯಿಸಾಕತ್ತೈತೇನೋ ಅಂತ ಡಾಕ್ಟರಿಗೆ ಸಂಶಯ. ಕೈ ನಡಗ್ತಾವ. ನಿನ್ನಿ ನನಗ, ನೀ ಯಾರು ಅಂದ್ಳು!”

“ವಯಸ್ಸಾಗೈತಿ ಆಕಿಗೆ.”

“ನಲವತ್ತೆಂಟಕ್ಕೇನೋ ಮೌನೇಶಾ?”

ಡಬ್ಬಿ ಕಿತ್ತುಕೊಂಡೆ. ಅವನು ಅಳಲಿಲ್ಲ. ಉಗುಳಿದ.

ಒರೆಸಿಕೊಂಡು ಜೀಪು ಹತ್ತಿದೆ.

ಸಾವಕಾರ ಚನ್ನಬಸವಣ್ಣ ಆಫೀಸಿನಲ್ಲಿ ಕಾಯುತ್ತಿದ್ದರು. ಡಬ್ಬಿಯನ್ನು ಟೇಬಲ್ ಮೇಲಿಟ್ಟೆ.

“ಶಾಬಾಸ್!”

ಡ್ರಾಯರ್ ಎಳೆದರು. ಗ್ಲೌಸ್ ಹಾಕಿಕೊಂಡರು. ಮೂಗಿಗೆ ಮಾಸ್ಕ್ ಏರಿಸಿದರು. ಆಮೇಲೇ ಮುಚ್ಚಳಕ್ಕೆ ಕೈ ಹಚ್ಚಿದರು!

“ಅದೇನ್ರಿ ಸಾವಕಾರ್ರ? ಪುಡಿ ಏನೂ ಮಾಡಂಗಿಲ್ಲ ಅಂದಿದ್ರಿ?”

“ದೂರ ಸರಿ. ಫ್ಯಾನ್ ಬಂದ್ ಮಾಡು.”

“ನೇಕಾರರಿಗೂ ಒಂದೊಂದು ಮಾಸ್ಕ್ ಕೊಡಬಹುದಿತ್ತಲ್ರಿ?”

“ಮಾಸ್ಕ್ ಹಾಕ್ಕೊಂಡು ಲಾಳಿ ಹೆಂಗ ಸೇದ್ತಾರಲೇ, ಹುಚ್ಚಾ!”

ನಕ್ಕರು. ಆ ನಗು ಮುಗಿಯುವ ಮೊದಲೇ ಡಬ್ಬಿ ನನ್ನ ಕೈಯಲ್ಲಿತ್ತು.

“ಯಮನೂರಪ್ಪಾ! ಗೇಟ್ ಹಾಕಲೇ! ಜಲ್ದಿ!” ನಾನು ಜೀಪು ಹತ್ತುವಾಗ ಹಿಂದಿನಿಂದ ಸಾವಕಾರರು ಕೂಗಿದರು.

ವಾಚ್‌ಮನ್ ಗೇಟು ಎಳೆದ. ಜೀಪಿನ ಒಂದು ಬದಿಯ ಕನ್ನಡಿ ಕಿತ್ತು ಹಾರಿತು... ನಾನು ಹೊರಗಿದ್ದೆ!

ರೋಶನಬಿಯ ಮನೆ. ಅಶ್ಫಾಕ ಕಟ್ಟೆಯ ಮೇಲೆ ಕೂತು ಗಾಯಕ್ಕೆ ಅರಿಶಿನ ಒತ್ತುತ್ತಿದ್ದ. ನನ್ನನ್ನು ಕಂಡವನೇ ಕಲ್ಲು ಎತ್ತಿದ. ಡಬ್ಬಿ ಮುಂದೆ ಚಾಚಿದೆ.

“ಜೀಪ್ ಹತ್ತು. ಹುಬ್ಬಳ್ಳಿಗೆ ನಾನ ಬಿಡ್ತೀನಿ.”

“ಈಗ ಬಂತೇನು ನಾಚಿಕಿ?”

ಡಬ್ಬಿಯನ್ನು ಕಟ್ಟೆಯ ಮೇಲೆ ಅವನ ಪಕ್ಕಕ್ಕಿಟ್ಟೆ.

ರೋಶನಬಿ ಹೊರಗೆ ಬಂದಳು. ಹೋದ ವಾರ ಇದೇ ಹೊಸ್ತಿಲ ಮೇಲೆ ನಿಂತು, ಬಾಯಿ ಬಿಟ್ಟರೆ ಮಗ್ಗ ಸುಡುತ್ತೇನೆಂದು ಆಕೆಯನ್ನು ಹೆದರಿಸಿದ್ದೆ. ಈಗ ಆಕೆಯ ಕೈಯಲ್ಲಿ ನನಗೆಂದು ಚಹಾ! ಕಪ್ಪು-ಬಶಿ ಗಡಗಡ ನಡುಗುತ್ತಿತ್ತು. ಅರ್ಧ ನೆಲಕ್ಕೆ ಚೆಲ್ಲಿತು.

“ಕುಂಡ್ರಪಾ. ನಮ್ಮ ಹುಡುಗನ ದೋಸ್ತೇನು ನೀನು?”

“ಹೌದ್ರಿ,” ಅಂದೆ.

ಸಾಕ್ಷಿ ಅಳಿಸುವುದು ನನ್ನ ಕಸುಬು. ಆಕೆಯ ತಲೆಯೊಳಗೆ ಆ ಪುಡಿ ಅದನ್ನು ನನಗಿಂತ ಚೊಕ್ಕವಾಗಿ ಮಾಡಿ ಮುಗಿಸಿತ್ತು.