ಪರ್ವತ ಗುಲಾಬಿಯ ಡಾಕ್ಟ್ರು

೧೯೯೭ರ ಮಾರ್ಚ್ ೧೧, ಮಂಗಳವಾರ. ಬೆಳಿಗ್ಗೆ ೧೦.೨೦ಕ್ಕೆ ಮೊಳಕಾಲ್ಮೂರು ಠಾಣೆಯ ಮೆಟ್ಟಿಲನ್ನು ಮೂವರು ಹತ್ತಿದರು. ಮುಂದೆ ಮಗ್ಗದ ಮಾರುತೇಶ, ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ಹೆಂಡತಿ ನಿರ್ಮಲಾ, ಹಿಂದೆ ಅವನ ತಾಯಿ ಹೊನ್ನಕ್ಕ. ನಿರ್ಮಲಾಳಿಗೆ ಮೂವತ್ತೊಂದು ವರ್ಷ. ಅವಳ ಎಡಗಣ್ಣು ಬೇಯಿಸಿದ ಮೀನಿನ ಕಣ್ಣಿನ ಹಾಗೆ ಬೆಳ್ಳಗಾಗಿತ್ತು. ಬಲಗಣ್ಣು ಊದಿ, ರೆಪ್ಪೆಗಳು ಕೀವಿನಲ್ಲಿ ಅಂಟಿಕೊಂಡಿದ್ದವು. ಬರೆಯುತ್ತ ಕೂತಿದ್ದ ಹೆಡ್ ಕಾನ್ಸ್‌ಟೇಬಲ್ ಗಾದ್ರಪ್ಪ ತಲೆ ಎತ್ತಿ ನೋಡಿ, ತಟ್ಟನೆ ಕುರ್ಚಿ ಬಿಟ್ಟು ಎದ್ದ.

ಸಬ್ ಇನ್ಸ್‌ಪೆಕ್ಟರ್ ನಾಗೇಂದ್ರಪ್ಪ ಮೂವರನ್ನೂ ಒಳಗೆ ಕೂರಿಸಿದ. ಮಾರುತೇಶ ಎರಡು ವಸ್ತುಗಳನ್ನು ಮೇಜಿನ ಮೇಲಿಟ್ಟ. ಒಂದು, ರಬ್ಬರ್ ಮುಚ್ಚಳದ ಪುಟ್ಟ ಬಾಟಲಿ. ಇನ್ನೊಂದು, ಬಳ್ಳಾರಿಯ ಕಣ್ಣಿನ ಡಾಕ್ಟರು ಹಿಂದಿನ ದಿನ ಬರೆದುಕೊಟ್ಟ ಚೀಟಿ. ಎಡಗಣ್ಣು ಹೋಗಿದೆ, ಬಲಗಣ್ಣು ಉಳಿಯಬೇಕಾದರೆ ಕಣ್ಣಿಗೆ ಹಾಕಿದ್ದು ಏನೆಂದು ಬೇಗ ತಿಳಿಯಬೇಕು ಎಂದು ಅದರಲ್ಲಿತ್ತು. ಆಸ್ಪತ್ರೆಗೆ ಸೇರಿ ಅಂದಿದ್ದರಂತೆ. ಬಟ್ಟೆಬರೆ ತರುತ್ತೇವೆಂದು ಇವರು ಸಂಜೆ ಬಸ್ಸಿಗೆ ವಾಪಸು ಬಂದಿದ್ದರು.

ನಾಗೇಂದ್ರಪ್ಪ ಬಾಟಲಿಗೆ ಅಂಟಿಸಿದ್ದ ಚೀಟಿ ಓದಿದ. ‘ಕಾಶ್ಮೀರ ಪರ್ವತ ಗುಲಾಬಿ ತೈಲ. ಹಿಮದಲ್ಲಿ ಬೆಳೆದ ಅಪೂರ್ವ ಹೂವಿನದು. ತಲೆನೋವು, ಹಲ್ಲುನೋವು, ಮುಟ್ಟಿನ ನೋವು, ಬಂಜೆತನ, ಮೂಲವ್ಯಾಧಿ, ಕೂದಲು ಉದುರುವುದು, ಮಕ್ಕಳ ಬಾಲಗ್ರಹ, ಕಣ್ಣಿನ ಮಂಜು.’ ಇನ್ನೂ ಇತ್ತು. ಒಂದೇ ಎಣ್ಣೆ ಮೂಲಕ್ಕೂ ಆಗುತ್ತದೆ, ಕಣ್ಣಿಗೂ ಆಗುತ್ತದೆ! ಥೂ, ಬರೆದವನ ಕೈಗೆ ಹುಳ ಬೀಳಲಿ. ನಾಗೇಂದ್ರಪ್ಪ ಹಾಗೆ ಬಾಯಿಬಿಟ್ಟು ಹೇಳಲಿಲ್ಲ.

“ಯಾರು ಕೊಟ್ಟಿದ್ದು?”

“ಡಾಕ್ಟ್ರು ಸಾರ್. ಪರ್ವತದ ಡಾಕ್ಟ್ರು ಅಂತಾರೆ. ಭಾನುವಾರ ಭಾನುವಾರ ನಮ್ಮ ಬೀದಿಗೆ ಬರ್ತಾರೆ,” ಎಂದಳು ನಿರ್ಮಲಾ.

“ಹೆಸರು?”

“ಡಾಕ್ಟ್ರ ಹೆಸರು ಯಾರು ಕೇಳ್ತಾರೆ ಸಾರ್?”

“ಕಣ್ಣಿಗೆ ಏನಾಗಿತ್ತು ನಿಂಗೆ?”

“ಏನೂ ಇಲ್ಲ ಸಾರ್. ಮಗ್ಗದ ಮ್ಯಾಲೆ ಹಳೇ ಹಾಸಿನ ಎಳೆಗೆ ಹೊಸಾ ಎಳೆ ಸೇರಿಸಿ ಹೊಸೀಬೇಕು. ನಾಕು ಸಾವಿರ ಎಳೆ. ಬೆಳಗ್ಗಿಂದ ಹೊಸೆದ್ರೆ ಸಂಜಿಗೆ ಸ್ವಲ್ಪ ಮಂಜು ಮಂಜು ಆಗ್ತಿತ್ತು. ಚಿಕ್ಕೋರಿದ್ದಾಗ ಅವ್ವ ಕಣ್ಣಿಗೆ ಪನ್ನೀರು ಬಿಡ್ತಿದ್ಲು. ಪನ್ನೀರೂ ಗುಲಾಬಿ, ಇದೂ ಗುಲಾಬಿ, ಇದು ಇನ್ನೂ ಒಳ್ಳೇದು ಅಂದ್ಕೊಂಡೆ.”

ಮಾರ್ಚ್ ೨ರಂದು ಮೊದಲ ತೊಟ್ಟು ಬಿದ್ದಿತ್ತು. ಬೆಂಕಿ ಇಟ್ಟ ಹಾಗೆ ಉರಿಯಿತು. ಔಷಧಿ ಉರಿದರೆ ಹಿಡಿಯುತ್ತಿದೆ ಎಂದೇ ನಂಬುವ ಜನ ನಾವು. ಉರಿಯದ ಔಷಧಿಗೆ ದುಡ್ಡು ಕೊಡಲೂ ಮನಸ್ಸಾಗದು. ಒಂಬತ್ತು ದಿನ ಕಣ್ಣಿಗೆ ನೀರು ಸೋಕಬಾರದು ಎಂದು ಡಾಕ್ಟ್ರು ಪಥ್ಯ ಹೇಳಿದ್ದರು. ಈ ಹೆಣ್ಣುಮಗಳು ಹಲ್ಲುಕಚ್ಚಿ ದಿನಕ್ಕೆ ಎರಡು ಹೊತ್ತು ಹಾಕಿಸಿಕೊಂಡು, ಮುಖ ತೊಳೆಯದೆ ಪಥ್ಯ ಮಾಡಿದ್ದಳು.

“ಮತ್ತೆ ಬಂದಿದ್ನಾ?”

“ಮೊನ್ನೆ ಭಾನುವಾರ ಬಂದಿದ್ರು. ಎಡಗಣ್ಣು ಕಾಣವಲ್ದು ಡಾಕ್ಟ್ರೇ ಅಂದೆ. ರೆಪ್ಪೆ ಬಿಡಿಸಿ ನೋಡಿದ್ರು. ರೋಗ ಬೇರು ಸಮೇತ ಕಿತ್ಕೊಂಡು ಬರ್ತಾ ಐತೆ, ಬಿಡಬ್ಯಾಡ ಅಂತ ಇನ್ನೊಂದು ಬಾಟ್ಲಿ ಕೊಟ್ರು.”

ಗಾದ್ರಪ್ಪನ ಪೆನ್ನು ನಿಂತಿತು. ನೋಡಿದ್ದಾನೆ, ಬೆಳ್ಳಗಾದ ಕಣ್ಣನ್ನು ಕೈಯಾರೆ ಬಿಡಿಸಿ ನೋಡಿ, ಇನ್ನೊಂದು ಬಾಟಲಿ ಕೊಟ್ಟಿದ್ದಾನೆ! “ಅವನ ಮನೆ ಹಾಳಾಗ,” ಎಂದು ಗೊಣಗಿ ಗಾದ್ರಪ್ಪ ಮುಂದೆ ಬರೆದ. ೧೧.೦೫ಕ್ಕೆ ಎಫ್‌ಐಆರ್ ಆಯಿತು. ಅಪರಾಧ ಸಂಖ್ಯೆ ೨೭/೯೭, ಭಾರತೀಯ ದಂಡ ಸಂಹಿತೆ ಕಲಂ ೪೨೦ ಮತ್ತು ೩೩೮. ಮೋಸ, ಮತ್ತು ಅಜಾಗರೂಕತೆಯಿಂದ ಮಾಡಿದ ತೀವ್ರ ಗಾಯ. ಆರೋಪಿ, ಹೆಸರು ತಿಳಿಯದ ವ್ಯಕ್ತಿ.

೧೧.೪೦ಕ್ಕೆ ಪಂಚರಿಬ್ಬರನ್ನು ಕರೆದುಕೊಂಡು ಮಾರುತೇಶನ ಮನೆಯಲ್ಲಿ ಪಂಚನಾಮೆ ಶುರುವಾಯಿತು. ನಡುಮನೆ ತುಂಬ ಗುಂಡಿಮಗ್ಗ. ಅರ್ಧ ನೇಯ್ದ ಮಾವಿನಕಾಯಿ ಬಣ್ಣದ ಸೀರೆ ಅದರ ಮೇಲಿತ್ತು. ಎರಡನೆಯ ಬಾಟಲಿ ದೇವರ ಗೂಡಿನಲ್ಲಿ ಸಿಕ್ಕಿತು. ಪೂಜೆಯ ಸಾಮಾನಿನ ಜೊತೆ ಅದನ್ನಿಟ್ಟಿದ್ದರು.

ಹೊನ್ನಕ್ಕ ಒಂದು ಹಳೇ ಪಂಚೆಯ ತುಂಡು ತಂದು ಬಿಡಿಸಿದಳು. “ನೋಡ್ರಿ ಸಾರ್, ನನ್ನ ಸೊಸಿ ಕಣ್ಣಾಗಿನ ರಕ್ತ.”

ಕಣ್ಣುಬೇನೆ ಬಂದರೆ ಈ ಕಡೆ ಅರಿಶಿನದಲ್ಲಿ ಅದ್ದಿದ ಬಟ್ಟೆಯಿಂದಲೇ ಕಣ್ಣು ಒರೆಸುವುದು. ಹಳದಿ ಬಟ್ಟೆಯ ಮೇಲೆ ಅಲ್ಲಲ್ಲಿ ಕೆಂಪು ಕಲೆಗಳಿದ್ದವು. ನಾಗೇಂದ್ರಪ್ಪ ಹದಿನಾಲ್ಕು ವರ್ಷದ ನೌಕರಿಯಲ್ಲಿ ರಕ್ತ ಸಾಕಷ್ಟು ನೋಡಿದ್ದ. ಅದು ಒಂದೇ ದಿನಕ್ಕೆ ಕಪ್ಪಾಗಿ, ಗಟ್ಟಿಯಾಗಿ, ಬಟ್ಟೆ ತೊಗಲಿನಂತಾಗುತ್ತದೆ.

“ಯಾವತ್ತಿನ ಬಟ್ಟೆ ಇದು?”

“ಐದಾರು ದಿನದ್ದು.”

ಐದಾರು ದಿನದ ರಕ್ತ ಇಷ್ಟು ಕೆಂಪಗಿರುವುದಿಲ್ಲ. ಈ ಕೆಂಪನ್ನು ಅವನು ಬೇರೆಲ್ಲೋ ಕಂಡಿದ್ದ. “ಅಜ್ಜಿ, ಒಂದು ತಟ್ಟೇಲಿ ಅರಿಶಿನ ಕಲಸಿಕೊಂಡು ಬಾ,” ಎಂದ. ತಟ್ಟೆ ಬಂತು. ಪಂಚರ ಎದುರಿಗೇ ಬಾಟಲಿಯಿಂದ ನಾಲ್ಕು ತೊಟ್ಟು ಬಿಟ್ಟು ಬೆರಳಲ್ಲಿ ತಿರುವಿದ. ಅರಿಶಿನ ಕೆಂಪಾಯಿತು, ಥೇಟ್ ಆರತಿ ನೀರು.

ಬಾಣಂತಿಗೆ, ಮದುಮಕ್ಕಳಿಗೆ ನೂರು ಸಲ ಆರತಿ ನೀರು ಕಲಸಿದ ಕೈ ಹೊನ್ನಕ್ಕನದು. ಅರಿಶಿನ ಕೆಂಪಾಗಲು ಏನು ಹಾಕಬೇಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಸುಣ್ಣ,” ಎಂದಳು. ಆಮೇಲೆ ಗೋಡೆಗೆ ತಲೆ ಚಚ್ಚಿಕೊಂಡಳು. “ಅಯ್ಯೋ ಶಿವನೇ! ನಾನೇ ರೆಪ್ಪೆ ಬಿಡಿಸಿ ಹಿಡಿದು ಹಾಕ್ತಿದ್ನಲ್ಲೋ! ಬ್ಯಾಡ ಅತ್ತೆ, ಬ್ಯಾಡ ಅತ್ತೆ ಅಂತಿದ್ಲು, ತಡ್ಕೊಳೇ ಅಂತ ಬೈದು ಹಾಕಿದೆ!”

ಠಾಣೆಯಿಂದ ಬಳ್ಳಾರಿಗೆ ಟ್ರಂಕ್ ಕಾಲ್ ಸಿಕ್ಕಿದ್ದು ೧೨.೩೫ಕ್ಕೆ. ಸುಣ್ಣ ಎಂಬ ಮಾತು ಕೇಳಿದ್ದೇ ಡಾಕ್ಟರ ದನಿ ಏರಿತು. “ಎಣ್ಣೆ ಅಂದಿದ್ರಲ್ರೀ ಅವರು! ಸುಣ್ಣದ ಹರಳು ರೆಪ್ಪೆಯೊಳಗೆ ಕೂತಿದ್ರೆ ಈಗಲೂ ಸುಡ್ತಾ ಇರುತ್ತೆ. ಮೊದಲು ನೀರು ಹಾಕಿ ತೊಳೀರಿ. ಧಾರಾಳವಾಗಿ ತೊಳೆದು, ತಕ್ಷಣ ಕಳಿಸಿ.”

ಠಾಣೆಯ ಹಿಂದಿನ ತೊಟ್ಟಿಯ ಹತ್ತಿರ ನಿರ್ಮಲಾಳನ್ನು ಕೂರಿಸಿ ಮಾರುತೇಶ ಚೊಂಬು ಚೊಂಬು ನೀರು ಸುರಿದ. ಒಂಬತ್ತು ದಿನದ ಮೇಲೆ ಆ ಕಣ್ಣಿಗೆ ನೀರು ಸೋಕಿತು. “ಪಥ್ಯ ಕೆಡ್ತಲ್ರೀ,” ಎಂದು ಅವಳು ಅಳುತ್ತಿದ್ದಳು. ಕೇಳುತ್ತ ನಿಲ್ಲಲಾಗದೆ ಗಾದ್ರಪ್ಪ ಜೀಪು ತೆಗೆಯಲು ಹೋದ.

ಅವರನ್ನು ಬಳ್ಳಾರಿಗೆ ಮುಟ್ಟಿಸಿ ಬಂದ ಗಾದ್ರಪ್ಪ, ಸಂಜೆ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಪಕ್ಕದಲ್ಲಿ ಉದ್ದಕ್ಕೆ ಒಂದು ಕಾಗದದ ಪಟ್ಟಿ, ಅದರ ಅಂಚಿನಲ್ಲಿ ಸಮ ಅಂತರದ ಕಚ್ಚುಗಳು.

“ಸಾರ್, ಚಿಕ್ಕಂದಿನಲ್ಲಿ ಮಿಕ್ಸ್ಚರ್ ಬಾಟ್ಲಿಗೆ ಹಿಂಗೇ ಅಂಟಿಸ್ತಿದ್ರು. ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಇದು ಹಳೇ ಕಾಂಪೌಂಡರ್ ಕೈ.”

“ಮೂಸಿ ನೋಡು.”

“ಗುಲಾಬಿ. ಅದ್ರ ಕೆಳಗೆ ಶೇಂಗಾ ಎಣ್ಣೆ.”

ಶೇಂಗಾ ಎಣ್ಣೆಯೆಂದರೆ ಚಳ್ಳಕೆರೆ, ಮಿಲ್ಲುಗಳ ಊರು. ಮಾರ್ಚ್ ೧೨ರ ಬೆಳಿಗ್ಗೆ ೯.೩೦ಕ್ಕೆ ಅಲ್ಲಿನ ಠಾಣೆಗೆ ತಿಳಿಸಿ, ಇಬ್ಬರೂ ಪೇಟೆಯ ಅತ್ತರಿನ ಅಂಗಡಿಗೆ ಹೋದರು. ಅಂಗಡಿಯ ಮುದುಕ ಸಾಹೇಬರು ಬಾಟಲಿ ಮೂಸಿ ಮುಖ ತಿರುಗಿಸಿದರು.

“ಊದುಬತ್ತಿಗೆ ಹಾಕೋ ಸೆಂಟು ಇದು. ತೋಬಾ ತೋಬಾ! ಪಹಾಡಿ ಗುಲಾಬಿ ಎಣ್ಣೆ ಅಂದ್ರೆ ಏನು ಅಂದ್ಕೊಂಡ್ರಿ? ಬೆಳಗಾಗೋದ್ರೊಳಗೆ ಹೂ ಕಿತ್ತು ಬಟ್ಟಿ ಇಳಿಸ್ಬೇಕು. ಬುಟ್ಟಿಗಟ್ಟಲೆ ಹೂವಿಗೆ ನಾಕು ತೊಟ್ಟು. ಅತ್ತರಿಗೆ, ನಶ್ಯಕ್ಕೆ, ಬೀಡಾಕ್ಕೆ, ದೊಡ್ಡೋರ ಮನೆ ಮಿಠಾಯಿಗೆ ಸೂಜಿ ಮೊನೆಯಷ್ಟು. ದರ್ಗಾದ ಚಾದರಕ್ಕೂ ಹಚ್ತಾರೆ. ಕಣ್ಣಿಗೆ ಅಸಲಿಯನ್ನೂ ಯಾರೂ ಹಾಕಲ್ಲ ಸಾಬ್. ಕಣ್ಣಿಗೆ ಪನ್ನೀರು ಬೇರೆ, ಎಣ್ಣೆ ಬೇರೆ.”

“ಅಸಲಿ ಹೆಂಗೆ ಗೊತ್ತಾಗುತ್ತೆ?”

“ಥಂಡೀಲಿ ಗಟ್ಟಿ ಆಗುತ್ತೆ, ಅಂಗೈಲಿ ಕರಗುತ್ತೆ.” ಮುದುಕರು ತಡೆದರು. “ಹೋದ ವರ್ಷ ಇನ್ನೊಬ್ರು ಇದೇ ಸವಾಲ್ ಕೇಳಿದ್ರು. ಶಾಂತವೀರಪ್ಪ, ಕಾಂಪೌಂಡರ್.”

ಶಾಂತವೀರಪ್ಪನ ಮನೆ ಮಿಲ್ಲಿನ ಹಿಂದಿನ ಓಣಿಯಲ್ಲಿತ್ತು. ೧೧.೧೫ಕ್ಕೆ ಶೋಧನೆ. ಅರವತ್ತೆರಡರ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಗೆ ಸ್ಟೆತಾಸ್ಕೋಪು. ಹಿತ್ತಿಲ ಕೋಣೆಯ ಬಾಗಿಲು ತೆಗೆದಾಗ ಗಬ್ಬು ಮುಖಕ್ಕೆ ಹೊಡೆಯಿತು. ಆಸ್ಪತ್ರೆಯ ತಿಪ್ಪೆಯಿಂದ ಆರಿಸಿ ತಂದ ಇಂಜೆಕ್ಷನ್ ಬಾಟಲಿಗಳು ಒಂದು ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ನೀರಿನ ಮೇಲೆ ಹಳೆಯ ಹತ್ತಿ, ಪ್ಲಾಸ್ಟರಿನ ಚೂರು ತೇಲುತ್ತಿತ್ತು. ಪಕ್ಕದಲ್ಲಿ ಶೇಂಗಾ ಎಣ್ಣೆಯ ಡಬ್ಬ, ಸೆಂಟಿನ ಕ್ಯಾನು, ಒಂದು ಮಡಕೆಯಲ್ಲಿ ಸುಣ್ಣ. ಇದನ್ನು ಜನ ದೇವರ ಗೂಡಿನಲ್ಲಿಟ್ಟು ಕೈ ಮುಗಿಯುತ್ತಿದ್ದರು.

“ಏನಿದು?”

“ಪರ್ವತ ಗುಲಾಬಿ ತೈಲ.”

“ಸುಣ್ಣ ಯಾಕೆ?”

“ಎಲೆಅಡಿಕೆಗೆ.”

“ಒಂದು ಮಡಕೆ?”

ಗಾದ್ರಪ್ಪ ಮಡಕೆಯಲ್ಲಿದ್ದ ಕೋಲನ್ನು ಎತ್ತಿ ಹಿಡಿದ. ಅದರಿಂದ ಗುಲಾಬಿಯ ವಾಸನೆ ಬರುತ್ತಿತ್ತು.

“ಸುಣ್ಣದ ತಿಳಿ ಮತ್ತೆ ಎಣ್ಣೆ ಕುಲುಕಿದ್ರೆ ಬೆಣ್ಣೆ ಆಗುತ್ತೆ,” ಎಂದ ಶಾಂತವೀರಪ್ಪ ಕೊನೆಗೆ. “ಸುಟ್ಟ ಗಾಯಕ್ಕೆ ಮೂವತ್ತು ವರ್ಷ ನಾನೇ ಕಲಸಿ ಕೊಟ್ಟಿದ್ದೀನಿ. ಅಸಲಿ ಎಣ್ಣೆ ಗಟ್ಟಿ ಆಗುತ್ತೆ ಅಂತ ಅತ್ತರಿನ ಸಾಹೇಬ್ರು ಅಂದ್ರು, ಇದೂ ಹಂಗೇ ಕಾಣ್ಲಿ ಅಂತ ಮಾಡಿದೆ. ತಿಳಿ ಸಾಲಲಿಲ್ಲ, ಸುಣ್ಣಾನೇ ಸ್ವಲ್ಪ ಹಾಕಿದೆ.”

“ಕಣ್ಣಿಗೆ?”

“ಜನ ಕೇಳಿದ್ರು. ಇಲ್ಲ ಅನ್ನೋಕೆ ಆಗಲಿಲ್ಲ. ಕಣ್ಣಿಗೆ ಏನೂ ಆಗಲ್ಲ ಅಂದ್ಕೊಂಡೆ. ಗೊತ್ತಿರಲಿಲ್ಲ ಸಾರ್.”

ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಶಶಿರೇಖಾ ನಿಂತಿದ್ದಳು. ಗಂಡನ ಮಾತು ಕೇಳಿ ಹೊಸ್ತಿಲು ದಾಟಿ ಬಂದಳು.

“ಗೊತ್ತಿತ್ತು. ಸಂಕ್ರಾಂತಿ ಟೈಮಲ್ಲಿ ನಂಗೆ ಕಣ್ಣುಬೇನೆ ಬಂದಿತ್ತು. ಊರಿಗೆಲ್ಲ ಕೊಡ್ತಾರಲ್ಲ ಅಂತ ಒಂದು ಬಾಟ್ಲಿ ತಗೊಂಡೆ. ಕೈಯಿಂದ ಕಿತ್ತು ಗ್ವಾಡಿಗೆ ಒಗೆದ್ರು. ಕುರುಡಿ ಆಗ್ತೀಯಾ ಅಂದ್ರು. ಆಮ್ಯಾಲೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಡ್ರಾಪ್ಸ್ ಕೊಡಿಸಿದ್ರು.”

ಶಾಂತವೀರಪ್ಪ ಹೆಂಡತಿಯ ಮುಖ ನೋಡದೆ ಸ್ಟೆತಾಸ್ಕೋಪನ್ನು ಸರಿಮಾಡಿಕೊಂಡ.

“ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತ ಗಾದೆ ಕೇಳಿದ್ದೆ,” ಎಂದ ಗಾದ್ರಪ್ಪ. “ನಿಜವಾಗ್ಲೂ ಸುಣ್ಣ ಹಾಕಿದ ಮಗನ್ನ ಇವತ್ತೇ ಕಂಡಿದ್ದು.”

ಶಶಿರೇಖಾಳ ಹೇಳಿಕೆ ಬರೆದುಕೊಂಡರು. ಗೊತ್ತಿದ್ದೂ ಕೊಟ್ಟಿದ್ದಾನೆ ಎಂದ ಮೇಲೆ ಅದು ಅಜಾಗರೂಕತೆಯಲ್ಲ. ೩೩೮ನ್ನು ಬಿಟ್ಟು, ಬೇಕೆಂದೇ ಮಾಡಿದ ತೀವ್ರ ಗಾಯದ ಕಲಂ ೩೨೬ ಸೇರಿಸಲು ನಾಗೇಂದ್ರಪ್ಪ ಅಲ್ಲೇ ಟಿಪ್ಪಣಿ ಮಾಡಿಕೊಂಡ. ದಸ್ತಗಿರಿ ಮಧ್ಯಾಹ್ನ ೧.೩೦ಕ್ಕೆ.

ಚಳ್ಳಕೆರೆ ಠಾಣೆಯಿಂದ ಬಳ್ಳಾರಿಗೆ ಫೋನು ಮಾಡಿದ್ದ ಪೇದೆ ಅಷ್ಟರಲ್ಲಿ ಸುದ್ದಿ ತಂದ. ನಿರ್ಮಲಾಳ ಬಲಗಣ್ಣಿನ ಮೇಲ್ರೆಪ್ಪೆಯೊಳಗೆ ಮೂರು ಸುಣ್ಣದ ಹರಳು ಸಿಕ್ಕವು. ಕಣ್ಣು ಉಳಿಯುತ್ತದೆ. ಗಂಡನ ಮುಖ ಗುರುತು ಹಿಡಿದಾಳು, ಬೀದಿಯಲ್ಲಿ ಒಬ್ಬಳೇ ನಡೆದಾಳು. ರೇಷ್ಮೆ ಎಳೆ ಇನ್ನು ಕಾಣುವುದಿಲ್ಲ.

“ಕೇಳಿಸ್ತೇನ್ರೀ?” ಎಂದ ನಾಗೇಂದ್ರಪ್ಪ. “ಯಾಕೆ ಮಾಡಿದ್ರಿ ಹೇಳ್ರಿ. ಮನೆ ನೋಡಿದ್ರೆ ದುಡ್ಡು ಮಾಡಿದ ಹಾಗೂ ಕಾಣಲ್ಲ.”

ಶಾಂತವೀರಪ್ಪ ಅಂಗಿಯ ತೋಳಿನ ಮಡಿಕೆ ನೇವರಿಸಿಕೊಂಡ. “ಮೂವತ್ತು ವರ್ಷ ಡಾಕ್ಟ್ರ ಪಕ್ಕದಲ್ಲಿ ನಿಂತಿದ್ದೆ ಸಾರ್. ಔಷಧಿ ಕಲಸೋನು ನಾನು, ಕೈ ಮುಗೀತಿದ್ದಿದ್ದು ಅವರಿಗೆ. ನನ್ನ ಕರೀತಿದ್ದಿದ್ದು ಲೇ ಕಾಂಪೌಂಡ್ರು, ಚೀಟಿ ತಗೊಳೋ ಅಂತ. ಮೊಳಕಾಲ್ಮೂರಲ್ಲಿ ಮೊದಲ ಸಲ ಒಬ್ಬಾಕೆ ಡಾಕ್ಟ್ರೇ ಅಂದ್ಲು. ಕಾಲಿಗೆ ಬಿದ್ಲು.”

ಹೊರಗೆ ಓಣಿಯಲ್ಲಿ ಜನ ಸೇರಿದ್ದರು. ಗಾದ್ರಪ್ಪ ಅವನ ಮುಂಗೈ ಹಿಡಿದು ಜೀಪಿನತ್ತ ನಡೆಸಿದ. ಆಗ ಮಗು ಎತ್ತಿಕೊಂಡ ಹೆಂಗಸೊಬ್ಬಳು ಗುಂಪು ಸರಿಸಿ ಮುಂದೆ ಬಂದಳು. ಏನು ನಡೆದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

“ನಮಸ್ಕಾರ ಡಾಕ್ಟ್ರೇ, ಎಲ್ಲಿಗೆ ಹೊಂಟ್ರಿ? ಮಗೀನ ಕಣ್ಣಿಗೆ ತೈಲ ಬೇಕಿತ್ತು.”

ಶಾಂತವೀರಪ್ಪನ ಬೆನ್ನು ನೆಟ್ಟಗಾಯಿತು, ಮುಖ ಅರಳಿತು. ಗಾದ್ರಪ್ಪನ ಹಿಡಿತದಿಂದ ಕೈ ಬಿಡಿಸಿಕೊಂಡು ಎರಡೂ ಕೈ ಜೋಡಿಸಿದ. “ಸೋಮವಾರ ಬಾರಮ್ಮ, ಕೊಡ್ತೀನಿ,” ಎಂದ.

ನಾಗೇಂದ್ರಪ್ಪ ಅವನ ಕೊರಳಿನ ಸ್ಟೆತಾಸ್ಕೋಪನ್ನು ಎಳೆದು ಕಿತ್ತು, ಅವನನ್ನು ಜೀಪಿನೊಳಕ್ಕೆ ತಳ್ಳಿದ. ಆಮೇಲೆ ಆ ಹೆಂಗಸಿನ ಹತ್ತಿರ ಹೋಗಿ, “ಮನೇಲಿ ಹಳೇ ಬಾಟ್ಲಿ ಐತೇನಮ್ಮ?” ಎಂದು ಕೇಳಿದ.