ಸುಣ್ಣ ಬಳಿದ ನಾಲ್ಕು ಕಲ್ಲು

ಫೆಸ್ಟೊ ಕಿಹ್ವೇಲೆ ಆ ಹೆಣ್ಣು ಚಿರತೆಯ ಹಿಂದೆ ಹನ್ನೊಂದು ವರ್ಷ ಸುತ್ತಿದ್ದ. ರುವಾಹಾ ಕಾಡಿನಲ್ಲಿ ಅದು ಯಾವ ಮರಕ್ಕೆ ಬೇಟೆ ಏರಿಸುತ್ತದೆ, ಯಾವ ಬಂಡೆಯ ಮೇಲೆ ಬಿಸಿಲು ಕಾಯುತ್ತದೆ, ಎಲ್ಲವೂ ಅವನಿಗೆ ಅಂಗೈ ರೇಖೆಯಷ್ಟು ಪರಿಚಯ. ಅದಕ್ಕೆ ‘ಅಜ್ಜಿ’ ಎಂದು ಹೆಸರಿಟ್ಟವನೂ ಅವನೇ. ಆದರೆ ಅಷ್ಟು ವರ್ಷಗಳಲ್ಲಿ ಅಜ್ಜಿ ಅವನಿಗೆ ತನ್ನ ಮರಿಗಳನ್ನು ಒಮ್ಮೆಯೂ ತೋರಿಸಿರಲಿಲ್ಲ.

ಅವನ ಕೈಕೆಳಗೆ ಪಳಗಿದ ಗೈಡ್ ಅತುಪೆಲೆಗೆ ತೋರಿಸಿತು. ಮಳೆಗಾಲಕ್ಕೆ ಸಫಾರಿ ಶಿಬಿರ ಮುಚ್ಚುವ ಹಿಂದಿನ ವಾರ ಅವಳು ಪ್ರವಾಸಿಗಳನ್ನು ಕರೆದೊಯ್ದು, ಜೀಪನ್ನು ಬಂಡೆಗಳಿಂದ ದೂರ ನಿಲ್ಲಿಸಿ ಸುಮ್ಮನೆ ಕೂತಿದ್ದಳಂತೆ. ಅಜ್ಜಿ ಎರಡು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬಂದು ಜೀಪಿನ ನೆರಳಲ್ಲಿ ಇಳಿಸಿತಂತೆ. ಅವತ್ತು ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ ಮಾತು. ಶಿಬಿರದ ಮೇಲ್ವಿಚಾರಕ ಎದ್ದು ನಿಂತು, ಜೂನ್‌ನಿಂದ ಮುಖ್ಯ ಗೈಡ್ ಅತುಪೆಲೆಯೇ ಎಂದು ಸಾರಿದ. ಆ ಕೆಲಸ ಹನ್ನೆರಡು ವರ್ಷದಿಂದ ಫೆಸ್ಟೊನದಾಗಿತ್ತು. ಅವಳು ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಮೇಷ್ಟ್ರೇ, ಎಲ್ಲ ನೀವು ಕಲಿಸಿದ್ದೇ. ನಾಳೆ ಬನ್ನಿ, ನಿಮಗೂ ಮರಿ ತೋರಿಸ್ತೀನಿ."

ತನ್ನ ಅಜ್ಜಿಯನ್ನು ತನಗೇ ತೋರಿಸುತ್ತಾಳಂತೆ! ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. ರಜೆಯ ಎರಡು ತಿಂಗಳೂ ಅವನು ಊರಿನಲ್ಲಿ ಜೋಳದ ಹೊಲದಲ್ಲಿ ಕಳೆ ಕೀಳುತ್ತ ಅದನ್ನೇ ನುಂಗುತ್ತಿದ್ದ. ಒಂಬತ್ತು ವರ್ಷದ ಹಿಂದೆ ಆನೆ ಲದ್ದಿಗೂ ನೀರಾನೆ ಲದ್ದಿಗೂ ವ್ಯತ್ಯಾಸ ಗೊತ್ತಿಲ್ಲದೆ ಬಂದವಳು ಅವಳು. ಉಗಾಲಿ ಮುದ್ದೆ ಮುಂದಿಟ್ಟುಕೊಂಡು ಅವನು ಗೋಡೆ ನೋಡುತ್ತಿದ್ದರೆ ಹೆಂಡತಿ, ಮೈಗೆ ಹುಷಾರಿಲ್ಲವೇ ಎಂದು ಕೇಳುತ್ತಿದ್ದಳು. ಹುಷಾರಾಗಿಯೇ ಇದ್ದ. ಅವನು ಹೊಳೆಯ ಬಗ್ಗೆ ಯೋಚಿಸುತ್ತಿದ್ದ.

ಶಿಬಿರಕ್ಕೂ ವಿಮಾನ ಇಳಿಯುವ ಬಯಲಿಗೂ ನಡುವೆ ಒಂದು ಹೊಳೆ. ನೀರಿನಡಿ ಹಾಸುಬಂಡೆ ಇರುವಲ್ಲಿ ಮಾತ್ರ ಅದನ್ನು ಜೀಪಿನಲ್ಲಿ ದಾಟಬಹುದು. ಆ ಜಾಗದ ಗುರುತಿಗೆ ದಡಕ್ಕೆರಡರಂತೆ ಸುಣ್ಣ ಬಳಿದ ನಾಲ್ಕು ಕಲ್ಲು. ಹದಿನೆಂಟು ಹೆಜ್ಜೆ ಕೆಳಗೆ ಬಂಡೆ ಮುಗಿದು ಮಡು ಶುರುವಾಗುತ್ತದೆ. ಅಲ್ಲಿ ಎರಡಾಳು ನೀರು, ನೀರಾನೆಯ ಹಿಂಡು, ದಡದುದ್ದಕ್ಕೂ ಮೊಸಳೆ. ಮೇ ಕೊನೆಯ ಕೆಂಪು ನೀರಿನಲ್ಲಿ ತಳ ಕಾಣುವುದಿಲ್ಲ. ಕಲ್ಲು ಹೇಳಿದ್ದೇ ದಾರಿ. ಹಳೆಯ ಗಾಲಿಜಾಡು ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತದೆ. ದಡದ ಗುರುತಿನ ತಾಳೆಮರವನ್ನೂ ಈ ಸಲದ ನೆರೆ ಹೊತ್ತೊಯ್ದಿತ್ತು. ಪ್ರತಿ ವರ್ಷ ಶಿಬಿರ ತೆರೆಯುವ ಮುನ್ನಾದಿನ ಕೋಲು ಹಾಕಿ ಆಳ ನೋಡಿ, ಕಲ್ಲಿಗೆ ಹೊಸ ಸುಣ್ಣ ಬಳಿಯುವವನು ಫೆಸ್ಟೊನೇ. ಮರುದಿನ ಬೆಳಿಗ್ಗೆ ಮುಖ್ಯ ಗೈಡ್ ಒಬ್ಬಂಟಿಯಾಗಿ ಖಾಲಿ ಜೀಪಿನಲ್ಲಿ ಮೊದಲ ಅತಿಥಿಗಳನ್ನು ಕರೆತರಲು ಹೋಗುವುದು ವಾಡಿಕೆ. ಬೇರೆ ಯಾರಿಗೂ ಅಪಾಯವಿಲ್ಲ ಎಂಬುದು ಅವನಿಗೆ ಸಮಾಧಾನ ಕೊಟ್ಟಿತ್ತು. ಅವನೇನು ಕೆಟ್ಟವನಲ್ಲ.

ಈ ಸಲದ ಮುನ್ನಾದಿನ ಸಂಜೆ ಅವನು ಅವಸರ ಮಾಡಲಿಲ್ಲ. ಎಳೆದರೆ ಗೀರು ಬೀಳುತ್ತದೆಂದು ಒಂದೊಂದು ಕಲ್ಲನ್ನೂ ಎದೆಗವಚಿಕೊಂಡು ಹೊತ್ತು, ಹದಿನೆಂಟು ಹೆಜ್ಜೆ ಕೆಳಗಿಟ್ಟ. ಅವು ಎದ್ದ ಜಾಗಗಳು ಬಕ್ಕತಲೆಯ ಹಾಗೆ ಬೋಳಾಗಿದ್ದವು. ನೋಡಿದ ಕೂಡಲೇ ತಾನೇ ಗುರುತು ಹಿಡಿಯುತ್ತಿದ್ದೆ ಎಂದುಕೊಂಡು ಅವುಗಳ ಮೇಲೆ ಆನೆ ಲದ್ದಿ ತಂದು ಹರವಿದ. ತನ್ನ ಹೆಜ್ಜೆಗಳನ್ನು ಸೊಪ್ಪಿನಿಂದ ಸವರಿದ. ಆಮೇಲೆ ಕಲ್ಲುಗಳಿಗೆ ನಿಧಾನವಾಗಿ ಸುಣ್ಣ ಬಳಿದ. ಕೇಳಿದವರಿಗೆ ಹೇಳುವ ಮಾತೂ ಸಿದ್ಧವಿತ್ತು: ರಾತ್ರಿ ಬೆಟ್ಟದಲ್ಲಿ ಮಳೆಯಾಗಿದೆ, ಹೊಳೆ ಅಡಿಯ ಮಣ್ಣು ಕೊರೆದು ಹಾಸುಬಂಡೆ ಕುಸಿದಿದೆ. ಹೊಳೆಯ ಮೇಲೆ ಯಾರು ಮೊಕದ್ದಮೆ ಹೂಡುತ್ತಾರೆ? ನೀರಿಳಿಯುವ ಮುಂಚೆ ಕಲ್ಲುಗಳನ್ನು ಮತ್ತೆ ಸ್ವಸ್ಥಾನಕ್ಕೆ ತಂದರಾಯಿತು.

ಬೆಳಿಗ್ಗೆ ಅವನು ಅಡುಗೆಮನೆಯ ಮುಂದೆ ಎಲ್ಲರ ಕಣ್ಣೆದುರು ಚಹಾ ಕುಡಿಯುತ್ತ ಕೂತಿದ್ದ. ಅತುಪೆಲೆ ಕೈಬೀಸಿ ಹೊರಟಳು. ಜೀಪಿನ ಸದ್ದು ದಡದವರೆಗೆ ಕೇಳಿಸಿತು, ಗಕ್ಕನೆ ನಿಂತಿತು. ನೀರಾನೆಗಳು ಒಟ್ಟಿಗೇ ಬುಸುಗುಟ್ಟಿದವು. ಎಲ್ಲರೂ ಓಡಿದರು. ಅವನೂ ಓಡಿದ.

ಜೀಪು ಮೂತಿ ಮುಳುಗಿಸಿ ನಿಂತಿತ್ತು. ಅವಳು ಕಿಟಕಿಯಿಂದ ನುಸುಳಿ, ನೀರಿನಿಂದ ಗೇಣುದ್ದ ಮೇಲಿದ್ದ ಹಿಂಬದಿಯ ಚಾವಣಿಯನ್ನು ತಬ್ಬಿಕೊಂಡಿದ್ದಳು. ಅಡುಗೆಯವನು ಹಗ್ಗ ತಂದು, ಎಲ್ಲರಿಗಿಂತ ಗುರಿಕಾರ ಎಂದು ಫೆಸ್ಟೊನ ಕೈಗೇ ಕೊಟ್ಟ. ಹತ್ತು ಜನ ನೋಡುತ್ತಿದ್ದರು. ಎಸೆಯದೆ ವಿಧಿಯಿರಲಿಲ್ಲ. ಅವಳ ಭಾರ ಹಗ್ಗದಲ್ಲಿ ತೊನೆದಾಗ ಅವನ ಅಂಗೈ ಸುಲಿಯಿತು.

ಮಧ್ಯಾಹ್ನದ ಹೊತ್ತಿಗೆ ಅರಣ್ಯ ಕಾವಲಿನ ಸಾರ್ಜೆಂಟ್ ನ್ಯಾವುಲಿಂಗೊ ಬಂದ. ಕಂಬಳಿ ಹೊದ್ದು ನಡುಗುತ್ತಿದ್ದ ಅತುಪೆಲೆ ತಾನು ಕಲ್ಲುಗಳ ನಡುವೆಯೇ ಓಡಿಸಿದೆ ಎಂದಳು. ಫೆಸ್ಟೊ ತಲೆ ತಗ್ಗಿಸಿ, ನಿನ್ನೆ ಕೋಲು ಹಾಕಿದಾಗ ಮೊಣಕಾಲಾಳವೂ ಇರಲಿಲ್ಲ, ರಾತ್ರಿ ಹೊಳೆ ಅಡಿಯಲ್ಲಿ ಕೊರೆದು ಬಂಡೆಯೇ ಕುಸಿದಿದೆ ಎಂದ.

"ಕಲ್ಲೇನಾದ್ರೂ ಜರುಗಿದ್ವಾ?" ಎಂದು ಸಾರ್ಜೆಂಟ್ ಕೇಳಿದ.

"ನಾನೇ ಇಟ್ಟ ಕಲ್ಲು ಸಾರ್. ಹನ್ನೆರಡು ವರ್ಷದಿಂದ ಒಂದು ಬೆರಳಷ್ಟೂ ಕದಲಿಲ್ಲ."

"ಮೇಷ್ಟ್ರದೇನೂ ತಪ್ಪಿಲ್ಲ ಸಾರ್," ಎಂದಳು ಅತುಪೆಲೆ. "ಅವರು ಹಗ್ಗ ಎಸೀದೆ ಹೋಗಿದ್ರೆ ನಾನಿವತ್ತು ಮೊಸಳೆ ಪಾಲು."

ಸಾರ್ಜೆಂಟ್ ಬರೆದುಕೊಂಡು ಪುಸ್ತಕ ಮಡಿಸಿದ. ಬದುಕಿದ್ದಾಳೆ, ಇರಲಿ, ಮೊದಲ ದಿನವೇ ಜೀಪು ಮುಳುಗಿಸಿದವಳನ್ನು ಮುಖ್ಯ ಗೈಡ್ ಆಗಿ ಯಾರು ಉಳಿಸಿಕೊಳ್ಳುತ್ತಾರೆ ಎಂದು ಫೆಸ್ಟೊ ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಮುಳುಗಿದ ಜೀಪನ್ನು ಎಳೆಯಲು ಟ್ರ್ಯಾಕ್ಟರ್ ತಂದು ಸರಪಳಿ ಬಿಗಿದರು. ಒದ್ದೆ ದಡದಲ್ಲಿ ಅದು ಹಿಂದಕ್ಕೆ ಜಾರತೊಡಗಿತು. ಗಾಲಿಗೆ ಏನಾದರೂ ಕೊಡಿ ಎಂದು ಚಾಲಕ ಕೂಗಿದ. ಇಂಥ ಹೊತ್ತಿನಲ್ಲಿ ಎಲ್ಲರಿಗಿಂತ ಮುಂದಾಗುವವನು ಫೆಸ್ಟೊ. ಅವನೇ ಹತ್ತಿರದ ಬಿಳಿ ಕಲ್ಲನ್ನೆತ್ತಿ ಓಡಿದ. ಗಾಲಿಯಡಿ ಕಲ್ಲು ಕೊಟ್ಟು ತಿರುಗಿದಾಗ ಯಾರೂ ಟ್ರ್ಯಾಕ್ಟರನ್ನು ನೋಡುತ್ತಿರಲಿಲ್ಲ. ಅತುಪೆಲೆ ಕಂಬಳಿ ಜಾರಿದ್ದೂ ತಿಳಿಯದೆ ನೆಲ ನೋಡುತ್ತಿದ್ದಳು. ಸಾರ್ಜೆಂಟ್ ಮೊಣಕಾಲೂರಿ ಕೂತು ಪುಸ್ತಕವನ್ನು ಮತ್ತೆ ತೆರೆದಿದ್ದ. ಹನ್ನೆರಡು ವರ್ಷದಿಂದ ಕಲ್ಲು ಕದಲಿಲ್ಲ ಎಂದು ಅವನು ಹೇಳಿದ್ದ ಜಾಗದಲ್ಲಿ ಹುಲ್ಲು ಹಚ್ಚಗಿತ್ತು. ಅದರ ನಡುವೆ, ನಿನ್ನೆಯಷ್ಟೇ ನಲುಗಿದ ಒಂದು ಹಳದಿ ಹೂ ಮೆಲ್ಲಗೆ ತಲೆಯೆತ್ತುತ್ತಿತ್ತು.